ನಲವತ್ತಮೂರು ಬೊಟ್ಟು

ಮೊದಲು ಚೌಕಟ್ಟಿನ ಮೇಲಂಚು, ಆಮೇಲೆ ಎರಡು ಪಕ್ಕ, ಕೊನೆಗೆ ಕೆಳಗಿನ ಅಂಚು. ಬಟ್ಟೆ ಒಣಗಿರಬೇಕು. ಬಣ್ಣದ ಮೇಲೆ ಬಟ್ಟೆ ಆಡಿಸಬಾರದು, ಅದಕ್ಕೆ ಬೇರೆ ಕುಂಚ ಇತ್ತು, ಅಳಿಲಿನ ಬಾಲದಷ್ಟು ಮೆತ್ತಗಿನದು. ಅದನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಮ ಎಳೆಯಬೇಕು. ನಾನು ಎಳೆಯುತ್ತಿದ್ದೆ. ಶರತ್ ಸರ್ ಕ್ಯಾಮೆರಾ ಸ್ಟ್ಯಾಂಡಿನ ಮೂರು ಕಾಲು ಬಿಡಿಸುತ್ತಿದ್ದರು. ಬೇರೆ ಊರಿಂದ ಕಾವಲಿಗೆ ಬಂದ ಚೆಲುವಯ್ಯ ಮಾವ ಬಾಗಿಲಲ್ಲಿ ನಿಂತು ಎಲೆಗೆ ಸುಣ್ಣ ಸವರುತ್ತಿದ್ದ. ರಾವಂದೂರಿನ ಹಳೇ ಬಂಗಲೆಯ ಆ ಹಜಾರದಲ್ಲಿ ಕುಂಚದ ಸದ್ದೊಂದೇ ಇತ್ತು.

ಚಿತ್ರದಲ್ಲಿದ್ದವಳು ನಮ್ಮವ್ವ.

ಅದನ್ನು ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಶರತ್ ಸರ್ ಲೈಟು ಹಾಕಿದರು, ಆಮೇಲೆ ಹಾಳೆ ತೆಗೆದರು. ಹಾಳೆಯಲ್ಲಿ ಉದ್ದ, ಅಗಲ, ಬರೆದವರು, ಚಿತ್ರದಲ್ಲಿರುವವರು ಅಂತ ನಾಲ್ಕು ಖಾನೆ.

"ಇವರು ಯಾರು?" ಅಂತ ಚೆಲುವಯ್ಯ ಮಾವನನ್ನು ಕೇಳಿದರು.

"ಯಾರೋ ಎಂಗ್ಸು ಸಾ," ಅಂದ ಮಾವ. "ನಾನು ಡ್ಯೂಟಿಗೆ ಬಂದಾಗ್ಲೇ ಇಲ್ಲಿದ್ಲು."

ಶರತ್ ಸರ್ 'ಅಜ್ಞಾತ ಮಹಿಳೆ' ಅಂತ ಬರೆದು ಪೆನ್ನಿನ ಮುಚ್ಚಳ ಹಾಕಿದರು. ಮುಚ್ಚಳ ಹಾಕಿದ ಮೇಲೆ ಹೇಳುವುದು ನನಗೆ ಸರಿ ಕಾಣಲಿಲ್ಲ.

ಸರ್ಕಾರಿ ಕಟ್ಟಡಗಳ ಗೋಡೆಯಲ್ಲಿರುವ ಚಿತ್ರಗಳೆಲ್ಲ ಜನರ ಆಸ್ತಿ, ಆದರೆ ಜನ ಅವನ್ನು ನೋಡೇ ಇಲ್ಲ, ಆದ್ದರಿಂದ ಎಲ್ಲವನ್ನೂ ಫೋಟೋ ತೆಗೆದು ಫೋನಿನಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಮಾಡಬೇಕು ಅಂತ ಒಂದು ಯೋಜನೆ ಬಂದಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಇಷ್ಟಕ್ಕೂ ಸೇರಿ ಒಂದು ಜೀಪು, ಒಬ್ಬರು ಫೋಟೋ ತೆಗೆಯುವವರು, ಒಬ್ಬಳು ಧೂಳು ಒರೆಸುವವಳು. ಯೋಜನೆಯ ಅಧಿಕಾರಿ ಮಹದೇವಪ್ರಸಾದ್ ಸಾಹೇಬರು ನಮ್ಮ ಪಂಚಾಯ್ತಿಗೆ ಬಂದು, ಕೈ ಹಗುರ ಇರುವ ಹುಡುಗಿ ಬೇಕು ಅಂದಾಗ, ಸೆಕ್ರೆಟರಿ ನನ್ನನ್ನು ತೋರಿಸಿದರು. "ಎಂಟ್ನೇ ಕ್ಲಾಸಿಗೇ ಬಿಟ್ಟೌಳೆ ಸಾರ್, ಆದ್ರೆ ಒಗೆಸೊಪ್ಪು ಗ್ರೇಡ್ ಮಾಡ್ದ ಕೈ. ಎಲೆ ಮುರೀದಂಗೆ ಬಣ್ಣ ನೋಡ್ತಾಳೆ. ಮಾತೂ ಆಡಕ್ಕಿಲ್ಲ." ಸಾಹೇಬರಿಗೆ ಕೊನೆಯದು ಹಿಡಿಸಿತು.

ಅವ್ವನ ಚಿತ್ರದ ಕತೆ ನಮ್ಮೂರಿಗೆಲ್ಲ ಗೊತ್ತು, ಅವ್ವ ಅಷ್ಟು ಸಲ ಹೇಳಿದ್ದಾಳೆ. ಮದುವೆಗೆ ಮುಂಚೆ ಅವಳು ಬಂಗಲೆಗೆ ನೀರು ತಂದು ಹಾಕುತ್ತಿದ್ದಳು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರು ಅಂಕಯ್ಯನವರು ಒಂದು ದಿನ ಅವಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿ ಚಿತ್ರ ಬರೆಯಲು ಶುರು ಮಾಡಿದರು. ಮೂರು ದಿನ ಹಿಡಿಯಿತು. ಚಿತ್ರದಲ್ಲಿ ಅವ್ವ ಎದೆಗೆ ಒಂದು ಮೊರ ಅವುಚಿಕೊಂಡಿದ್ದಾಳೆ. ಅವತ್ತು ಕುಪ್ಪಸದ ತೋಳು ಹರಿದಿತ್ತು, ಅದು ಕಾಣದಿರಲಿ ಅಂತ ಮೊರ ಅಡ್ಡ ಹಿಡಿದಳಂತೆ. ಹಿಡಿದು ಹಿಡಿದು ಮೂರನೇ ದಿನಕ್ಕೆ ತೋಳು ಮರಗಟ್ಟಿತ್ತಂತೆ. "ಚಿತ್ರದ ಅಡಿಗೆ ನಿನ್ನೆಸ್ರು ಬರೀತೀನಿ ಕಣಮ್ಮ" ಅಂತ ಮಾಸ್ತರು ಹೇಳಿದ್ದರು. ಬರೆದೂ ಇದ್ದರು, ಒಂದು ಚೀಟಿಯಲ್ಲಿ, ಚಿತ್ರದ ಹಿಂದೆ. ಅದನ್ನು ನಾನು ಅವತ್ತು ತಿರುಗಿಸಿ ನೋಡಿದೆ. ಅಂಟು ಮಾತ್ರ ಉಳಿದಿತ್ತು. ಚೀಟಿಯನ್ನು ಹುಳು ತಿಂದಿತ್ತು. ಮಾಸ್ತರು ತೀರಿಕೊಂಡು ಹನ್ನೆರಡು ವರ್ಷ.

ಬಂಗಲೆಗೆ ಬರುವವರು ಸಾಹೇಬರುಗಳು. ನೀರು ಹಾಕುವುದು ಬಿಟ್ಟ ಮೇಲೆ ಅವ್ವ ಒಳಗೆ ಹೋಗಿಲ್ಲ. ಮೂವತ್ತೊಂದು ವರ್ಷದಿಂದ, ಮತ್ತೆ ನೋಡದೇ ಇರುವ ಒಂದು ಚಿತ್ರವನ್ನು "ನಂದು" ಅಂದುಕೊಂಡು ಬಂದಿದ್ದಾಳೆ.

ಶರತ್ ಸರ್ ಕ್ಯಾಮೆರಾದಲ್ಲಿ ಕಣ್ಣಿಟ್ಟುಕೊಂಡೇ ಹೇಳಿದರು: "ನೋಡು ಪ್ರಿಯಾ, ಇಲ್ಲಿವರೆಗೂ ಇವರನ್ನ ನೋಡಿರೋದು ಚೆಲುವಯ್ಯ ಒಬ್ಬರೇ. ನಾಳೆಯಿಂದ ಕೋಟಿ ಜನ ನೋಡ್ತಾರೆ. ಹಗಲೂ ರಾತ್ರಿ. ಜಪಾನಲ್ಲಿ ಕೂತ್ಕೊಂಡು ನೋಡ್ತಾರೆ."

ಅವರು ಖುಷಿಯಾಗಿ ಹೇಳಿದರು. ನಾನು ಕುಂಚ ಕೆಳಗಿಟ್ಟೆ. ನಮ್ಮಕ್ಕನ ಮಗುವನ್ನು ಬಸ್ ಸ್ಟ್ಯಾಂಡಿಗೆ ಒಂದು ಸಲ ಕರೆದುಕೊಂಡು ಹೋಗಿ ಬಂದರೆ ಮೂರು ದಿನ ಹಾಲು ಕುಡಿಯುವುದಿಲ್ಲ. ಅಲ್ಲಿರುವುದು ಹೆಚ್ಚೆಂದರೆ ಐವತ್ತು ಜನ. ಕೋಟಿ ಕಣ್ಣು, ಅದೂ ರೆಪ್ಪೆ ಮುಚ್ಚದೆ ನೋಡುವವು. ಅವ್ವನಿಗೆ ಆಗಲೇ ಸಕ್ಕರೆ ಕಾಯಿಲೆ ಬೇರೆ.

ನನ್ನ ಚೀಲದಲ್ಲಿ ಕಾಡಿಗೆ ಡಬ್ಬಿ ಇತ್ತು, ಅವ್ವನೇ ಹರಳೆಣ್ಣೆ ದೀಪಕ್ಕೆ ತಟ್ಟೆ ಹಿಡಿದು ಮಾಡಿದ್ದು. ಶರತ್ ಸರ್ ಬ್ಯಾಟರಿ ಬದಲಿಸಲು ಅತ್ತ ತಿರುಗಿದಾಗ ಉಂಗುರದ ಬೆರಳಿನಿಂದ ಒಂದಿಷ್ಟು ತೆಗೆದು ಚಿತ್ರದ ಎಡಗೆನ್ನೆಗೆ ಇಟ್ಟೆ. ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು. ಇಟ್ಟು, ಪಕ್ಕದಲ್ಲಿ ಬಣ್ಣದ ಚೌಕಗಳಿರುವ ರಟ್ಟನ್ನು ಹಿಡಿದು ನಿಂತೆ. ಬಣ್ಣ ಸರಿಯಾಗಿ ಬರಲು ಅದನ್ನು ಹಿಡಿಯಬೇಕು. ಫೋಟೋ ಆಯಿತು.

ಮಾರನೇ ದಿನ ಹುಣಸೂರಿನ ಒಂದು ಕಚೇರಿಯಲ್ಲಿ ಯಾವುದೋ ಕಾಲದ ಅಮಲ್ದಾರರೊಬ್ಬರ ಚಿತ್ರ. ರುಮಾಲು, ಕೋಟು, ಮೀಸೆ. ಒರೆಸುತ್ತಾ ನನಗೆ ಅನ್ನಿಸಿತು, ನಮ್ಮವ್ವನನ್ನು ಮಾತ್ರ ಕಾಪಾಡಿ ಇವರನ್ನು ಕೋಟಿ ಜನರ ಕಣ್ಣಿಗೆ ಹಾಗೇ ಬಿಡುವುದು ಸರಿಯೇ. ಇವರೂ ಯಾರದೋ ಮನೆಯವರು. ಅಮಲ್ದಾರರಿಗೂ ಒಂದು ಬೊಟ್ಟು ಇಟ್ಟೆ. ಅವರು ಬಹಳ ಕೆಂಪಗಿದ್ದರು, ಅವರಿಗೆ ಬೇಕೂ ಇತ್ತು.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಸರಗೂರಿನಲ್ಲಿ ಸಂತೆಯ ಚಿತ್ರ, ಅದರಲ್ಲಿ ನಲವತ್ತು ಜನ. ಎಲ್ಲರಿಗೂ ಇಡುವಷ್ಟು ಹೊತ್ತಿರಲಿಲ್ಲ, ಎಡಗಡೆ ವೀಳ್ಯದೆಲೆ ಮಾರುವ ಹುಡುಗಿಗೆ ಇಟ್ಟೆ, ಎಲ್ಲರ ಪರವಾಗಿ. ಕೋಟೆಯಲ್ಲಿ ಕಬಿನಿ ಹಿನ್ನೀರಿನ ಆನೆಗಳು, ಮುಂದಿನ ಆನೆಯ ಕೆನ್ನೆಗೆ. ಕೆ.ಆರ್. ನಗರದ ಗದ್ದೆಬಯಲಿನ ಚಿತ್ರದಲ್ಲಿ ಮುಖವೇ ಇರಲಿಲ್ಲ, ನಾಲೆಯ ಎಡದಂಡೆಗೆ ಇಟ್ಟೆ. ಪಿರಿಯಾಪಟ್ಟಣದಲ್ಲಿ ಬರೀ ಒಂದು ಹಲಸಿನ ಹಣ್ಣು. ಹಲಸಿನ ಹಣ್ಣಿಗೂ ದೃಷ್ಟಿಯಾಗುತ್ತದೆ, ನಾನು ಕಂಡಿದ್ದೇನೆ.

ಶರತ್ ಸರ್ ಯಾವತ್ತೂ ಚಿತ್ರವನ್ನು ನೋಡುತ್ತಿರಲಿಲ್ಲ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯನ್ನು ನೋಡುತ್ತಿದ್ದರು. ಕಚೇರಿಯವರೂ ಚಿತ್ರ ನೋಡುತ್ತಿರಲಿಲ್ಲ, ನಾವು ಬರುತ್ತೇವೆ ಅಂತ ತಿಳಿದು ಹೊಸ ಅಂಗಿ ಹಾಕಿಕೊಂಡು ಬಂದಿರುತ್ತಿದ್ದರು. ಒಂದು ಕಡೆ ಗುಮಾಸ್ತರೆಲ್ಲ ತಲೆ ಬಾಚಿಕೊಂಡು ಚಿತ್ರದ ಎರಡೂ ಪಕ್ಕ ಸಾಲಾಗಿ ನಿಂತುಬಿಟ್ಟರು. "ಚಿತ್ರ ಮಾತ್ರ ಸಾಕು ಸಾರ್" ಅಂದರೆ, "ಚಿತ್ರ ನೋಡ್ಕೊತಾ ಇರೋರು ನಾವಲ್ವಾ" ಅಂತ ಕೇಳಿದರು. ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಲ್ಲಿ ಹೋಟೆಲಿನವನೊಬ್ಬ ತನ್ನ ಅಂಗಡಿಯ ಕ್ಯಾಲೆಂಡರ್ ಬಿಚ್ಚಿಕೊಂಡು ಬಂದು, ಇದಕ್ಕೂ ಒಂದು ಹೊಡೀರಿ ಅಂದ. ಅದು ಸಾರ್ವಜನಿಕರದ್ದಲ್ಲ ಅಂದಿದ್ದಕ್ಕೆ, "ನನ್ನ ಓಟ್ಲಿಗೆ ಬರೋರು ಮತ್ಯಾರ್ ಸಾ" ಅಂದ.

ನಾಲ್ಕು ತಿಂಗಳಲ್ಲಿ ನಲವತ್ತನಾಲ್ಕು ಚಿತ್ರ ಆದವು. ಒಂದು ದಿನ ನನಗೆ ಜ್ವರ. ಅವತ್ತು ಕೋಟೆಯ ಕಡೆ ಒಂದು ಕಚೇರಿಯಲ್ಲಿದ್ದ ನವಿಲಿನ ಚಿತ್ರವನ್ನು ಶರತ್ ಸರ್ ಒಬ್ಬರೇ ಮುಗಿಸಿ ಬಂದರು. ಹೀಗೆ ನಲವತ್ತಮೂರು ಬೊಟ್ಟು.

ಯುಗಾದಿ ಆದ ಮೇಲೆ ಚಿತ್ರಗಳು ಫೋನಿನಲ್ಲಿ ಬಂದವು. ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಸಂಘಮಿತ್ರ ಮೇಡಂ ಬಂದರು. ಅವರು ಮೈಸೂರಿನಲ್ಲಿ ಚಿತ್ರಗಳ ಬಗ್ಗೆ ಓದಿ ಬರೆಯುವವರು. ಕಂಪ್ಯೂಟರಿನಲ್ಲಿ ಒಂದೊಂದನ್ನೇ ದೊಡ್ಡದು ಮಾಡಿ ನೋಡಿದ್ದರು. ನೂರು ವರ್ಷದ ಉದ್ದಕ್ಕೂ ಬೇರೆ ಬೇರೆಯವರು ಬರೆದ ಚಿತ್ರ, ಒಂದು ಬಿಟ್ಟು ಎಲ್ಲದರಲ್ಲೂ ಎಡಭಾಗದಲ್ಲಿ ಒಂದೇ ಅಳತೆಯ ಒಂದು ಕರಿ ಬೊಟ್ಟು. ಇದು ಒಂದು ಗುಪ್ತ ಪಂಥ, ಐದು ತಲೆಮಾರು ಗುರುವಿನಿಂದ ಶಿಷ್ಯನಿಗೆ ಬಂದ ಸಂಕೇತ ಅಂತ ಅವರು ದೊಡ್ಡ ಲೇಖನ ಬರೆದರು. ಅದಕ್ಕೆ 'ಬೊಟ್ಟು ಪಂಥ' ಅಂತ ಹೆಸರಿಟ್ಟರು. ಕಂಡುಹಿಡಿಯಲು ನೆರವಾದವರು ಅಂತ ಶರತ್ ಸರ್ ಹೆಸರೂ ಹಾಕಿದರು. ಹಲಸಿನ ಹಣ್ಣಿನ ಮೇಲಿನ ಬೊಟ್ಟಿನ ಬಗ್ಗೆಯೇ ಎರಡು ಪುಟ ಇತ್ತು.

ಬೊಟ್ಟಿನ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ದೀಪದ ಮಸಿ, ಹರಳೆಣ್ಣೆ, ದೇಸೀ ಪದ್ಧತಿಯಲ್ಲಿ ಮನೆಯಲ್ಲಿ ತಯಾರಿಸಿದ್ದು ಅಂತ ವರದಿ ಬಂತು. ವರದಿಯಲ್ಲಿ ಒಂದು ಸುಳ್ಳೂ ಇರಲಿಲ್ಲ.

ಮಹದೇವಪ್ರಸಾದ್ ಸಾಹೇಬರಿಗೆ ಹಿಡಿಸಲಾರದಷ್ಟು ಸಂತೋಷ. "ಎಲ್ಲಾ ಜಿಲ್ಲೆಯೋರ್ಗೂ ಒಂದೊಂದು ಪಂಥ ಇದೆ ಕಣ್ರೀ. ನಮಗೆ ಹೊಗೆಸೊಪ್ಪು ಬಿಟ್ರೆ ಏನಿತ್ತು?" ಚಿತ್ರಗಳಿಗೆಲ್ಲ ಗಾಜು ಹಾಕಿಸಿದರು. ಅವ್ವನ ಚಿತ್ರದ ಮುಂದೆ ಒಬ್ಬ ಹೋಂಗಾರ್ಡು ಕುರ್ಚಿ ಹಾಕಿಕೊಂಡು ಕೂತ. ನವಿಲಿನ ಚಿತ್ರಕ್ಕೆ ಮಾತ್ರ ಬೊಟ್ಟಿಲ್ಲದ್ದರಿಂದ ಅದು ನಕಲಿ ಅಂತ ತೀರ್ಮಾನವಾಗಿ, ಇಳಿಸಿ ಸ್ಟೋರ್ ರೂಮಿಗೆ ಹಾಕಿದರು. ಆ ಕಚೇರಿಯವರು ಇಬ್ಬರು ಬಂದು, "ಸಾರ್, ಇತ್ತು ಸಾರ್, ನಾವೇ ಕಂಡಿದ್ದೋ, ಮಳೇಲಿ ಓಗಿರ್ಬೇಕು" ಅಂತ ಗೋಗರೆದರು. ಅವರ ನವಿಲಿಗೆ ಹೀಗಾದದ್ದು ನನ್ನ ಜ್ವರದಿಂದ. ಒರೆಸುವುದು ಮುಗಿದ ಮೇಲೆ ನನಗೆ ಯೋಜನೆಯ ಕಚೇರಿಯಲ್ಲಿ ಟೀ ಕೊಡುವ ಕೆಲಸ, ಲೋಟ ತೊಳೆಯುತ್ತಾ ಕೇಳಿಸಿಕೊಂಡೆ.

ಇಷ್ಟರಲ್ಲಿ ಒಂದು ಭಾನುವಾರ ನಾನು ಫೋನು ತೆಗೆದು ಅವ್ವನಿಗೆ ಅವಳ ಚಿತ್ರ ತೋರಿಸಿದೆ. ಅವ್ವ ಕೈ ಒರೆಸಿಕೊಂಡು ಬಂದಳು. ಫೋನನ್ನು ಎರಡು ಕೈಯಲ್ಲೂ ಹಿಡಿದು ದೂರ ಮಾಡಿದಳು, ಹತ್ತಿರ ಮಾಡಿದಳು.

"ನಾನೇ ಕನ," ಅಂದಳು. "ಮೊರ ನೋಡು. ಅರುಕು ಕಾಣಕ್ಕಿಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಇದ್ಯಾವ್ದು ಮಗ, ಮಚ್ಚೆ?"

"ನಾನು ಇಟ್ಟಿದ್ದು ಅವ್ವ. ದಿಷ್ಟಿ ಆಗ್ದೇ ಇರ್ಲಿ ಅಂತ."

ಅವ್ವ ನಕ್ಕಳು. "ಒಳ್ಳೇದಾಯ್ತು ಬುಡು. ಅಡಿಗೆ ನನ್ನೆಸ್ರು ಬರ್ದವ್ರಾ? ಓದು."

ಓದಿದೆ. ಅಜ್ಞಾತ ಮಹಿಳೆ, ಬೊಟ್ಟು ಪಂಥ.

"ಅಂಗಂದ್ರೆ?"

"ಯಾರು ಅಂತ ಗೊತ್ತಿಲ್ಲ ಅಂತ."

ಅವ್ವ ಫೋನು ವಾಪಸ್ ಕೊಟ್ಟು ಒಲೆಯ ಹತ್ತಿರ ಹೋದಳು.

ಅಲ್ಲಿಗೆ ಮುಗಿಯುತ್ತಿತ್ತೋ ಏನೋ, ಪಕ್ಕದ ಮನೆಯ ಸುಂದ್ರಮ್ಮತ್ತೆಯ ಸೊಸೆಗೂ ಫೋನಿತ್ತು. ಮಾರನೇ ದಿನ ನಲ್ಲಿ ಹತ್ತಿರ ಬಿಂದಿಗೆಗಳ ಸಾಲಿನಲ್ಲಿ ಸುಂದ್ರಮ್ಮತ್ತೆ ಅವ್ವನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು.

"ಅಲ್ಲ ಪುಟ್ಟಮಲ್ಲಕ್ಕ, ಬಂಗ್ಲೆವಳ ಕೆನ್ನೆ ಮೇಲೆ ಇಷ್ಟ್ ದಪ್ಪ ಮಚ್ಚೆ ಅದೆ. ನಿಂದೆಲ್ಲೋಯ್ತು? ಸೋಪಾಕಿ ತೊಳ್ಕಂಡ್ಯಾ?"

"ಅದು ಮಚ್ಚೆ ಅಲ್ಲ ಕಣೇ, ನನ್ನ ಮಗ್ಳು ಇಟ್ಟ ಬೊಟ್ಟು."

"ಊಂ. ಮೈಸೂರಿಂದ ಬಂದು ಪರೀಕ್ಸೆ ಮಾಡ್ದೋರು ನೂರ್ ವರ್ಸದ್ದು ಅಂದವ್ರೆ. ನಿನ್ ಮಗ್ಳಿಗೆ ಇಪ್ಪತ್ತೊಂದು."

ಹೆಂಗಸರೆಲ್ಲ ನಕ್ಕರು. ಮೂವತ್ತೊಂದು ವರ್ಷ ಆ ಕತೆ ಕೇಳಿ ಕೇಳಿ ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ. ಅವತ್ತಿಂದ ಅವ್ವನನ್ನು 'ಅಜ್ಞಾತಕ್ಕ' ಅಂತ ಕರೆಯಲು ಶುರು ಮಾಡಿದರು. ರೇಷನ್ ಅಂಗಡಿಯಲ್ಲಿ, ಸಂಘದ ಸಭೆಯಲ್ಲಿ, "ಅಜ್ಞಾತಕ್ಕ, ಅತ್ಲಾಗ್ ಜರುಗು." ಕೆಟ್ಟ ಮನಸ್ಸಿನಿಂದಲ್ಲ, ಹೆಸರು ಬಾಯಿಗೆ ಚೆನ್ನಾಗಿ ಕೂತಿತ್ತು.

ಅವ್ವ ಮೊದಮೊದಲು ಜಗಳ ಆಡಿದಳು. ಆಮೇಲೆ ಬಿಟ್ಟಳು. ಒಂದು ಸಂಜೆ ಸೊಪ್ಪು ಸೋಸುತ್ತಾ ಇದ್ದಕ್ಕಿದ್ದಂತೆ ಕೇಳಿದಳು: "ಮೂರ್ ದಿನ ಕುಂತಿದ್ದು ನಾನೇಯ. ಆದ್ರೆ ಮೇಷ್ಟ್ರು ನನ್ನೇ ನೋಡ್ಕಂಡು ಬರುದ್ರು ಅಂತ ಯಾರು ಕಂಡವ್ರೆ? ನಾನು ಆ ಕಡೀಕೆ ಕುಂತಿದ್ದೆ. ಚಿತ್ರದ ಬಟ್ಟೆ ಈ ಕಡೀಕೆ ಇತ್ತು. ಮುಗುದ್ ಮ್ಯಾಲೆ ಒಂದ್ ಗಳಿಗೆ ತೋರ್ಸುದ್ರು, ಅಷ್ಟೆ."

"ನೀನೇ ಅವ್ವ. ಮೊರ ಇಲ್ವಾ."

"ಮೊರ ಯಾರ್ ಮನೇಲಿಲ್ಲ ಮಗ. ಸರ್ಕಾರ್ದೋರೇ ಗೊತ್ತಿಲ್ಲ ಅಂದ್ ಮ್ಯಾಲೆ ನಂಗೆಂಗೆ ಗೊತ್ತಾದದು?"

ಅವಳು ಸುಮ್ಮನೆ ಹೇಳಿದ ಮಾತಲ್ಲ, ನಿಜಕ್ಕೂ ಯೋಚಿಸುತ್ತಿದ್ದಳು. ಕನ್ನಡಿ ಮುಂದೆ ನಿಂತು ಎಡಗೆನ್ನೆ ಒತ್ತಿ ನೋಡಿಕೊಳ್ಳುವುದನ್ನು ನಾನು ಎರಡು ಸಲ ಕಂಡೆ.

ನಾನು ಹುಣಸೂರಿಗೆ ಹೋಗಿ ಶರತ್ ಸರ್‌ಗೆ ಹೇಳಿದೆ. ಹೇಳಿದೆ ಅಂದರೆ, ಡಬ್ಬಿ ತೆಗೆದು ಅವರ ಮೇಜಿನ ಮೇಲಿಟ್ಟೆ. ಅವರು ಡಬ್ಬಿ ನೋಡಿದರು, ನನ್ನ ಬೆರಳು ನೋಡಿದರು. "ಎಲ್ಲದಕ್ಕೂನಾ?" ಅಂದರು.

"ನವಿಲು ಬಿಟ್ಟು."

ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಪ್ರಿಯಾ, ನಿನ್ನ ಕೆಲಸ ಏನು?"

"ಒರೆಸೋದು."

"ಒರೆಸೋರು ಒರೆಸ್ತಾರೆ. ಇಡಲ್ಲ. ಹಾಳೆಯಲ್ಲಿ ನಾನು ಏನ್ ಬರೆದಿದೀನಿ? 'ಫೋಟೋಗೆ ಮುಂಚೆ ಸ್ವಚ್ಛ ಮಾಡಲಾಗಿದೆ.' ಅಂದ್ರೆ ಏನೇ ಉಳಿದಿದ್ರೂ ಅದು ಮೂಲದ್ದು. ಹಂಗೆ ಸಹಿ ಹಾಕಿದೀನಿ." ಡಬ್ಬಿಯನ್ನು ನನ್ನ ಕಡೆ ತಳ್ಳಿದರು. "ಇದನ್ನ ಒಳಗಿಡು."

ಸ್ವಲ್ಪ ದಿನಕ್ಕೆ ಯೋಜನೆಯವರು ಒಂದು ಪ್ರಕಟಣೆ ಹೊರಡಿಸಿದರು. ಬೊಟ್ಟು ಪಂಥದ ಶ್ರೇಷ್ಠ ಕೃತಿಯಾದ ರಾವಂದೂರಿನ ಮಹಿಳೆಯ ಗುರುತು ಪತ್ತೆ ಮಾಡಬೇಕಾಗಿದೆ, ಆ ಮಹಿಳೆಯಾಗಲಿ ಅವರ ಮನೆಯವರಾಗಲಿ ಇದ್ದರೆ ಹುಣಸೂರಿನ ವಿಚಾರ ಸಂಕಿರಣಕ್ಕೆ ಬರಬೇಕು, ಗುರುತು ಸಿಕ್ಕರೆ ಅವರ ಹೆಸರನ್ನು ಚಿತ್ರದ ಕೆಳಗೆ ಶಾಶ್ವತವಾಗಿ ದಾಖಲಿಸಲಾಗುವುದು. ಅವ್ವನಿಗೆ ಓದಿ ಹೇಳಿದೆ. ಅವಳು 'ಶಾಶ್ವತವಾಗಿ' ಅನ್ನುವುದನ್ನು ಇನ್ನೊಂದು ಸಲ ಓದು ಅಂದಳು.

"ಬೊಟ್ಟು ಇಟ್ಕೊಂಡು ಹೋಗೋಣ ಅವ್ವ," ಅಂದೆ. "ಚಿತ್ರದಲ್ಲಿ ಇರೋ ಹಂಗೆ."

"ನನ್ ಮಕ ನಾನ್ಯಾಕೆ ತಿದ್ಲಿ?" ಅಂದಳು ಅವ್ವ. "ನಾನು ಅದ್ರಂಗೆ ಇರ್ಬೇಕಾ, ಅದು ನನ್ನಂಗೆ ಇರ್ಬೇಕಾ?"

ಸಂಕಿರಣದ ದಿನ ಅವ್ವ ಮುಖ ತೊಳೆದು, ಅಕ್ಕನ ಮದುವೆಗೆ ಉಟ್ಟಿದ್ದ ಸೀರೆ ಉಟ್ಟು, ಮನೆಯ ಮೊರವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಸಭಾಭವನದ ಬಾಗಿಲಲ್ಲಿ ನಿಂತು ನೋಡಿದೆವು. ವೇದಿಕೆಯ ಮೇಲೆ ಗಾಜಿನೊಳಗೆ ಅವ್ವನ ಚಿತ್ರ. ಕೆಳಗೆ ಎರಡು ಸಾಲು ಹೆಂಗಸರು. ಹದಿನೇಳು ಜನ, ಹದಿನೇಳು ಎಡಗೆನ್ನೆಯ ಮೇಲೆ ಹದಿನೇಳು ಬೊಟ್ಟು. ಇಪ್ಪತ್ತು ದಾಟದ ಹುಡುಗಿಯೂ ಇದ್ದಳು, ಎಂಬತ್ತು ದಾಟಿದವರೂ ಇದ್ದರು. ಎಲ್ಲರ ಕೈಯಲ್ಲೂ ಒಂದೊಂದು ಮೊರ. ಕೆಲವು ಪ್ಲಾಸ್ಟಿಕ್ಕಿನವು. ಮೊದಲ ಸಾಲಿನಲ್ಲಿ ಸುಂದ್ರಮ್ಮತ್ತೆ.

ಸಂಘಮಿತ್ರ ಮೇಡಂ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಹತ್ತಿ ಹಿಡಿದು ಒಬ್ಬೊಬ್ಬರ ಕೆನ್ನೆಯನ್ನೂ ಪರೀಕ್ಷೆ ಮಾಡುತ್ತಾ ಬಂದರು. ಹತ್ತಿಯಿಂದ ಒರೆಸಿದರೆ ಬೊಟ್ಟು ಹತ್ತಿಗೆ ಬರುತ್ತಿತ್ತು. ಬಂದವರನ್ನು ಪಕ್ಕಕ್ಕೆ ಕಳಿಸುತ್ತಿದ್ದರು. ಅದೇ ಹತ್ತಿಯನ್ನು ಗಾಜು ತೆಗೆದು ಚಿತ್ರಕ್ಕೂ ಒಂದು ಸಲ ಆಡಿಸಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ಗಾಜಿನ ಬೀಗದ ಕೈ ಸಾಹೇಬರ ಹತ್ತಿರ ಇತ್ತು, ಸಾಹೇಬರು ಅಮೂಲ್ಯವಾದದ್ದನ್ನು ಮುಟ್ಟಬಾರದು ಅಂತ ಬೋರ್ಡು ಬರೆಸಿದ್ದರು.

ಅವ್ವನ ಹತ್ತಿರ ಬಂದಾಗ ಮೇಡಂ ಟಾರ್ಚು ಹಾಕಿ ನೋಡಿದರು. "ಅಮ್ಮ, ನಿಮಗೆ ಬೊಟ್ಟೇ ಇಲ್ಲವಲ್ಲ?"

"ಇಲ್ಲ ಕಣವ್ವ."

"ಮತ್ತೆ ಯಾಕೆ ಬಂದ್ರಿ?"

"ಆ ಚಿತ್ರ ನಂದು."

ಮೇಡಂ ಒಳ್ಳೆಯವರು, ನಗಲಿಲ್ಲ. ಅವ್ವನ ಭುಜ ಮುಟ್ಟಿ, "ಹಿಂದೆ ಫ್ಯಾನ್ ಇದೆ, ಅಲ್ಲಿ ಕೂತ್ಕೊಳ್ಳಿ ಅಮ್ಮ, ಊಟ ಮಾಡ್ಕೊಂಡು ಹೋಗಿ" ಅಂದರು. ಅವ್ವ ಟವೆಲಿನ ಮೊರ ಎತ್ತಿಕೊಂಡು ಕೊನೆಯ ಸಾಲಿಗೆ ಹೋಗಿ ಕೂತಳು. ಮೊರವನ್ನು ಎದೆಗೆ ಅವುಚಿಕೊಂಡೇ ಕೂತಳು, ಥೇಟ್ ಚಿತ್ರದ ಹಾಗೆ. ಯಾರೂ ತಿರುಗಿ ನೋಡಲಿಲ್ಲ.

ಸುಂದ್ರಮ್ಮತ್ತೆಯ ಬೊಟ್ಟು ಮಾತ್ರ ಹತ್ತಿಗೆ ಬರಲಿಲ್ಲ. ಅವಳು ಕಾಡಿಗೆ ಹಚ್ಚಿರಲಿಲ್ಲ, ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ರಸ ಹಚ್ಚಿಕೊಂಡಿದ್ದಳು. ಕೆನ್ನೆ ಊದಿ ಕೆಂಪಾಗಿ ಒಂದು ಕಣ್ಣು ಅರ್ಧ ಮುಚ್ಚಿತ್ತು. ಚಿತ್ರ ಬರೆದ ಕಾಲಕ್ಕೆ ಸುಂದ್ರಮ್ಮತ್ತೆಗೆ ಹತ್ತು ವರ್ಷ. ಅದನ್ನು ಯಾರೂ ಕೇಳಲಿಲ್ಲ.

"ನೋವಾಗ್ತಿದೆಯಾ ಅಮ್ಮ?" ಅಂದರು ಮೇಡಂ.

"ಉಟ್ಟಿದಾಗ್ಲಿಂದ್ಲೂ ಇಂಗೇಯ ಮೇಡಮ್ಮೋರೇ," ಅಂದಳು ಸುಂದ್ರಮ್ಮತ್ತೆ, ಬಾಯಿ ಪೂರ್ತಿ ತೆರೆಯಲಾಗದೆ.

ಮಹದೇವಪ್ರಸಾದ್ ಸಾಹೇಬರು ಮೈಕು ಹಿಡಿದರು. ಇಂದು ನಮ್ಮ ಭಾಗದ ಚರಿತ್ರೆಯಲ್ಲಿ ಮರೆಯಲಾಗದ ದಿನ ಅಂತ ಶುರು ಮಾಡಿದರು. ಪಕ್ಕದಲ್ಲಿ ಶರತ್ ಸರ್ ಕಂಪ್ಯೂಟರ್ ತೆರೆದು, ಪರದೆಯ ಮೇಲೆ ಚಿತ್ರದ ಪುಟ ಹಾಕಿದ್ದರು. ನಾನು ನೋಡುತ್ತಿದ್ದ ಹಾಗೇ 'ಅಜ್ಞಾತ ಮಹಿಳೆ' ಅನ್ನುವ ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಅಳಿಸಿಹೋದವು. ಖಾನೆ ಖಾಲಿಯಾಯಿತು. ಆಮೇಲೆ 'ಸುಂ' ಬಂತು.

ನಾನು ಟೀ ತಟ್ಟೆ ಹಿಡಿದುಕೊಂಡು ಗೋಡೆಗೆ ನಿಂತಿದ್ದೆ. ತಟ್ಟೆ ಕೆಳಗಿಟ್ಟೆ. ವೇದಿಕೆ ಹತ್ತಿ ಸಾಹೇಬರ ಪಕ್ಕ ನಿಂತೆ. ಟೀ ತಂದಳು ಅಂದುಕೊಂಡು ಅವರು ಕೈ ಚಾಚಿದರು. ಆ ಕೈಯಲ್ಲಿ ಕಾಡಿಗೆ ಡಬ್ಬಿ ಇಟ್ಟೆ.

"ಆ ಬೊಟ್ಟು ಇಟ್ಟಿದ್ದು ನಾನು," ಅಂದೆ. ಮೈಕು ಹತ್ತಿರವೇ ಇದ್ದದ್ದರಿಂದ ನನ್ನ ಮಾತು ಎಲ್ಲ ಕಡೆಯಿಂದಲೂ ನನಗೇ ಕೇಳಿಸಿತು. "ನಲವತ್ತಮೂರೂ ನಾನೇ ಇಟ್ಟಿದ್ದು. ದಿಷ್ಟಿ ಆಗ್ದೇ ಇರ್ಲಿ ಅಂತ."

ಶರತ್ ಸರ್ ಕಂಪ್ಯೂಟರಿನ ಹಿಂದೆ ತಲೆ ಬಗ್ಗಿಸಿದರು. ಸಾಹೇಬರು ಡಬ್ಬಿಯನ್ನು ನೋಡುತ್ತಾ ನಿಂತರು. ಸಂಘಮಿತ್ರ ಮೇಡಂ ಟಾರ್ಚು ಆರಿಸದೆಯೇ ಮೆಟ್ಟಿಲು ಹತ್ತಿ ಬಂದರು. ಡಬ್ಬಿ ತೆಗೆದುಕೊಂಡರು, ಮೂಸಿದರು. "ಹರಳೆಣ್ಣೆ," ಅಂದರು. "ಎಲ್ಲಿ ಕಲಿತೆ ಇದನ್ನ?"

"ನಮ್ಮವ್ವ ಮಾಡೋದು."

"ನಿಮ್ಮವ್ವ ಎಲ್ಲಿ ಕಲಿತರು?"

"ಅವ್ರವ್ವ."

ಮೇಡಂ ಜನರ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. "ನಾನು ಐದು ತಲೆಮಾರು ಅಂತ ಬರೆದಿದ್ದೆ. ನಿಂತುಹೋಗಿದೆ ಅಂದ್ಕೊಂಡಿದ್ದೆ. ನಿಂತಿಲ್ಲ. ಈ ಪಂಥ ಇನ್ನೂ ಜೀವಂತ ಇದೆ. ಇಲ್ಲೇ, ನಮಗೆ ಟೀ ಕೊಡ್ತಾ ಇದೆ."

ಚಪ್ಪಾಳೆ ಶುರುವಾಯಿತು. ಯಾರೋ ಬಿಳೀ ಹಲಗೆ ತಂದು ನಿಲ್ಲಿಸಿದರು. ಒಂದು ಇಡಮ್ಮ, ಒಂದು ಇಟ್ಟು ತೋರಿಸು ಅಂದರು. ಇಟ್ಟೆ. ಸಾಸಿವೆಗಿಂತ ದೊಡ್ಡದು, ಮೆಣಸಿಗಿಂತ ಚಿಕ್ಕದು. ಎಲ್ಲರೂ ಫೋನು ಎತ್ತಿ ಹಿಡಿದರು. ಪತ್ರಿಕೆಯವರು ಬೆರಳು ತೋರಿಸು ಅಂದರು, ತೋರಿಸಿದೆ. ನವಿಲಿನ ಕಚೇರಿಯ ಇಬ್ಬರು ನೂಕಿಕೊಂಡು ಮುಂದೆ ಬಂದು, "ತಾಯಿ, ನಮ್ದಕ್ಕೂ ಒಂದು, ಇವತ್ತೇ, ಜೀಪ್ ತಂದಿವಿ" ಅಂದರು. ಸಾಹೇಬರು ನನಗೊಂದು ಶಾಲು ತರಲು ಯಾರಿಗೋ ಹೇಳಿದರು. ಸುಂದ್ರಮ್ಮತ್ತೆ ಊದಿದ ಕೆನ್ನೆಗೆ ತಣ್ಣೀರು ಬಟ್ಟೆ ಒತ್ತಿಕೊಂಡು, ಪರದೆಯ ಮೇಲೆ 'ಸುಂ' ಆದ ಮೇಲೆ ಏನು ಬರುತ್ತದೆ ಅಂತ ಒಂದೇ ಕಣ್ಣಿನಿಂದ ನೋಡುತ್ತಿದ್ದಳು.

ಕೊನೆಯ ಸಾಲಿನಲ್ಲಿ, ಫ್ಯಾನಿನ ಕೆಳಗೆ, ಅವ್ವ ಕೂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ. ಇಷ್ಟು ವರ್ಷದ ಮೇಲೆ ಮೊದಲ ಸಲ ಗಾಜಿನೊಳಗಿದ್ದವಳನ್ನು ನೋಡುತ್ತಿದ್ದಳು, ಅದು ತಾನೋ ಅಲ್ಲವೋ ಅಂತ.

"ಅಲ್ಲಿ ಕೂತಿರೋರು ನಮ್ಮವ್ವ," ಅಂದೆ ನಾನು ಮೈಕಿನಲ್ಲಿ. "ಚಿತ್ರದಲ್ಲಿ ಇರೋದೂ ಅವ್ರೇ. ಬೊಟ್ಟು ಬೇಕಿದ್ರೆ ಹಾಗೇ ಇರ್ಲಿ. ಅಡಿಗೆ ಅವ್ರ ಹೆಸ್ರು ಬರೀರಿ."

ಶಾಲು ಬಂತು. ಸಾಹೇಬರು ಅದನ್ನು ಬಿಡಿಸಿದರು. ಫೋಟೋದವರು ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ ಅನ್ನುತ್ತಿದ್ದರು. ಮೇಡಂ ಹಲಗೆಯ ಮೇಲಿನ ಬೊಟ್ಟಿಗೆ ಸ್ಕೇಲು ಹಿಡಿದು ಅಳೆಯುತ್ತಿದ್ದರು. ಶರತ್ ಸರ್ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತ್ತು. ಅವರ ಹತ್ತಿರ ಬಗ್ಗಿ ಇನ್ನೊಂದು ಸಲ ಹೇಳಿದೆ.

"ಪುಟ್ಟಮಲ್ಲಮ್ಮ ಅಂತ ಬರೀರಿ ಸರ್."